ಅನಘಾಳ ಎರಡು ನಿಮಿಷ

'ಅಪ್‌ಡೇಟ್' ಎನ್ನುವ ಮಾತು ಕಿವಿಗೆ ಬಿದ್ದರೆ ಈಗ ನನಗೆ ಮೈ ಉರಿಯುತ್ತದೆ. ಮೊದಲು ಹೀಗಿರಲಿಲ್ಲ. ಫೋನಿಗೆ, ಕಂಪ್ಯೂಟರಿಗೆ ಅಪ್‌ಡೇಟ್ ಮಾಡಬೇಕು ಎಂದು ನನಗೂ ಗೊತ್ತು. ಬೆಳೆದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈಗೆ ಮೈಕು ಕೊಟ್ಟು, ಅವರಿಂದಲೂ ಅದನ್ನು ಮಾಡಿಸಬಹುದು ಎಂದು ಕಂಡುಹಿಡಿದವರು ನಮ್ಮ ಭಾನುವಾರದ ಕನ್ನಡ ಶಾಲೆಯವರು.

ಶಾಲೆ ಎಂದರೆ ದೊಡ್ಡ ಕಟ್ಟಡವೇನಲ್ಲ. ನಾವು ಬಂದು ನೆಲೆಸಿದ ಈ ಹೊರನಾಡಿನ ಟ್ಯಾಂಪಿನೀಸ್ ಬಡಾವಣೆಯಲ್ಲಿ ಒಂದು ಕಮ್ಯುನಿಟಿ ಕ್ಲಬ್ಬಿನ ಎರಡು ಕೋಣೆ ಬಾಡಿಗೆಗೆ ಹಿಡಿದು ನಡೆಸುವ ತರಗತಿ. ಪಕ್ಕದ ಕೋಣೆಯಲ್ಲಿ ಚೀನೀ ಅಜ್ಜಿಯರ ಲೈನ್ ಡ್ಯಾನ್ಸ್. ಆ ಪಾಟಿ ಸಂಗೀತದ ನಡುವೆ ನಾನು, ನಿರುಪಮಾ, ಮಕ್ಕಳಿಗೆ ಒತ್ತಕ್ಷರ ತಿದ್ದಿಸುತ್ತೇನೆ. ಬಹಳ ವರ್ಷಗಳಿಂದ ತಿದ್ದಿಸುತ್ತಿದ್ದೇನೆ. ಮೊದಮೊದಲು ನನ್ನ ಮುಂದೆ ಕೂತು ಪೆನ್ಸಿಲ್ ಕಚ್ಚುತ್ತಿದ್ದವರಿಗೆ ಈಗ ಗಡ್ಡ ಮೀಸೆ ಬಂದಿದೆ, ಕೆಲಸ ಸಿಕ್ಕಿದೆ, ಕೆಲವರಿಗೆ ಕೂದಲೂ ಉದುರುತ್ತಿದೆ. ಇವರೆಲ್ಲ ನಮ್ಮ 'ಹಳೆಯ ವಿದ್ಯಾರ್ಥಿಗಳು'.

ಪ್ರತಿ ವರ್ಷ ನವೆಂಬರಿನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮದ ಕೊನೆಗೆ ಇವರದೊಂದು ಸುತ್ತು ಇರುತ್ತದೆ. ಒಬ್ಬೊಬ್ಬರಿಗೂ ಎರಡು ನಿಮಿಷ. ಏನು ಓದಿದೆ, ಎಲ್ಲಿ ಕೆಲಸ, ಈ ವರ್ಷ ಯಾವ ದೇಶ ಸುತ್ತಿದೆ, ಎಲ್ಲವನ್ನೂ ಕನ್ನಡದಲ್ಲಿ ಹೇಳಬೇಕು. ಊರಿನಲ್ಲಿ ಇಲ್ಲದವರು ಪರದೆಯ ಮೇಲೆ ಬರುತ್ತಾರೆ. ಮಕ್ಕಳು ಮಾತಾಡುತ್ತಾರೆ, ಅಂಕ ಬೀಳುವುದು ಮಾತ್ರ ಅಪ್ಪ ಅಮ್ಮನಿಗೆ. ಒಂದು ವಾರ ಮೊದಲೇ ಮನೆಯಲ್ಲಿ ತಾಲೀಮು ನಡೆಯುತ್ತದೆ. ಹುದ್ದೆಯ ಹೆಸರಿನ ಮುಂದಿನ 'ಸೀನಿಯರ್' ಎನ್ನುವ ಮಾತು ಬಿಟ್ಟುಹೋಗದಂತೆ ಅಮ್ಮಂದಿರು ನೋಡಿಕೊಳ್ಳುತ್ತಾರೆ. ಮುಂದಿನ ಸಾಲಿನಲ್ಲಿ ಕೂತ ಅಪ್ಪಂದಿರು ಏನೂ ಗೊತ್ತಿಲ್ಲದವರಂತೆ ಚಾವಣಿ ನೋಡುತ್ತ ಕಿವಿ ನಿಮಿರಿಸಿಕೊಂಡಿರುತ್ತಾರೆ. ನಾನು ಈ ಸುತ್ತಿನ ನಿರೂಪಕಿ. ಬೇಡವೆಂದರೂ ಸಂಘದ ಅಧ್ಯಕ್ಷ ಸಂಪತ್ ಬಿಡುವುದಿಲ್ಲ.

ಈಗ ಅನಘಾಳ ವಿಷಯಕ್ಕೆ ಬರುತ್ತೇನೆ. ಅವಳ ವಿಷಯ ಯಾರೂ ಸರಿಯಾಗಿ ಹೇಳುತ್ತಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಅನಘಾ ಈ ಊರಿಗೆ ಬಂದಾಗ ಅವಳಿಗೆ ಇನ್ನೂ ಎರಡು ತುಂಬಿರಲಿಲ್ಲ. ಅಪ್ಪ ರಘುನಾಥ್ ಮೈಸೂರಿನವರು, ಚಾಂಗಿ ಕಡೆಯ ಒಂದು ಬ್ಯಾಂಕಿನ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ. ಅಮ್ಮ ಅರುಂಧತಿ ಮಾತು ಕಡಿಮೆ ಹೆಂಗಸು. ಅಣ್ಣ ಸುಘೋಷ್ ಅವಳಿಗಿಂತ ನಾಲ್ಕು ವರ್ಷ ದೊಡ್ಡವನು. ನಮ್ಮ ಬ್ಲಾಕಿನ ಎದುರು ಬ್ಲಾಕಿನಲ್ಲೇ ಅವರ ಮನೆ. ಸುಘೋಷನೂ ನನ್ನ ಮಗ ಅಜಯನೂ ಒಂದೇ ವಯಸ್ಸಿನವರು. ಶಾಲೆಯಿಂದ ಬಂದವರೇ ಬ್ಲಾಕಿನ ತಳದ ತೆರೆದ ಜಾಗದಲ್ಲಿ, ಇಲ್ಲಿನವರು ಹೇಳುವ ವಾಯ್ಡ್ ಡೆಕ್ಕಿನಲ್ಲಿ, ಚೆಂಡು ಒದೆಯುತ್ತಿದ್ದರು, ಚೆಂಡು ಹೆಕ್ಕಿ ತರುವ ಕೆಲಸ ಅನಘಾಳದು. ಅದಕ್ಕೇ ಅವಳು ಓಟದಲ್ಲಿ ಗಟ್ಟಿಗಿತ್ತಿಯಾದಳು ಎಂದು ನಾನು ಚುಡಾಯಿಸುತ್ತಿದ್ದೆ.

ಓದಿನಲ್ಲಿ ಅವಳು ಹಾಗೂ ಇಲ್ಲ ಹೀಗೂ ಇಲ್ಲ. ಕನ್ನಡ ತರಗತಿಯಲ್ಲಿ ಛತ್ರಿ, ನೀರಿನ ಬಾಟಲಿ, ಚಪ್ಪಲಿ ಏನಾದರೊಂದು ಮರೆತೇ ಮನೆಗೆ ಹೋಗುತ್ತಿದ್ದಳು. ಎಲ್ಲರೂ ಸುಮ್ಮನಿರುವ ಹೊತ್ತಿನಲ್ಲಿ ಗಟ್ಟಿಯಾಗಿ ನಗುವಳು. ಸಿಟ್ಟು ಬಂದರೆ ಮೂಗಿನ ತುದಿ ಕೆಂಪಾಗುತ್ತಿತ್ತು, ಐದು ನಿಮಿಷಕ್ಕೆ ಇಳಿಯುತ್ತಿತ್ತು. ಒಂದು ವಿಷಯದಲ್ಲಿ ಮಾತ್ರ ಅವಳಂಥವರನ್ನು ನಾನು ಕಂಡಿಲ್ಲ. ಹೊಸದಾಗಿ ಸೇರಿದ ಮಗು ಅಳುತ್ತ ಮೇಜಿನ ಕೆಳಗೆ ಹೋಗಿ ಕೂತರೆ ನಾವೆಲ್ಲ ಚಾಕೊಲೇಟ್ ತೋರಿಸಿ ಹೊರಗೆ ಕರೆಯುತ್ತೇವೆ. ಅನಘಾ ತಾನೂ ಮೇಜಿನ ಕೆಳಗೆ ಹೋಗಿ ಅದರ ಪಕ್ಕ ಕೂರುತ್ತಿದ್ದಳು. ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಇಬ್ಬರೂ ನಗುತ್ತ ಹೊರಗೆ ಬರುತ್ತಿದ್ದರು. "ಏನ್ ಮಾಡ್ದೆ ಒಳಗೆ?" ಎಂದು ಕೇಳಿದರೆ, "ನಥಿಂಗ್ ಲಾ ಮಿಸ್, ಸುಮ್ನೆ ಕೂತಿದ್ವಿ" ಎನ್ನುವಳು.

ಇಂಥ ಹುಡುಗಿ ಪುಟ್ಟ ಮಕ್ಕಳಿಗೆ ಪಾಠ ಹೇಳುವ ಡಿಪ್ಲೊಮಾ ಓದಿದಳು. ಮತ್ತೇನು ಓದಬೇಕಿತ್ತು?

ಇನ್ನು ಪಿ.ಆರ್. ಕಥೆ. ಹೊರಗಿನವರು ಇಲ್ಲಿ ಖಾಯಮ್ಮಾಗಿ ನೆಲೆಸಲು ಪಡೆಯುವ ಪರವಾನಗಿ ಅದು. ನಮ್ಮ ಕಾಲದಲ್ಲಿ ಎಲ್ಲರೂ ಅದಕ್ಕೆ ಅರ್ಜಿ ಹಾಕುತ್ತಿದ್ದರು, ಸಿಗುವುದೂ ಈಗಿನಷ್ಟು ಕಷ್ಟವಿರಲಿಲ್ಲ. ಗಂಡು ಮಕ್ಕಳಿದ್ದವರಿಗೆ ಮಾತ್ರ ಒಂದು ತೊಡಕು. ಅಪ್ಪ ಅಮ್ಮನ ಜೊತೆ ಪಿ.ಆರ್. ಪಡೆದ ಹುಡುಗ ಹದಿನೆಂಟಾದ ಮೇಲೆ ಎರಡು ವರ್ಷ ಸೈನ್ಯದಲ್ಲೋ ಪೊಲೀಸಿನಲ್ಲೋ ದುಡಿಯಬೇಕು. ಇಲ್ಲಿ ಅದಕ್ಕೆ ಎನ್.ಎಸ್. ಎನ್ನುತ್ತಾರೆ. ನಾವು ಅರ್ಜಿ ಹಾಕಿದೆವು, ಅಜಯ್ ಹೋದ. ಅದನ್ನು ದೊಡ್ಡ ತ್ಯಾಗ ಎಂದು ನಾನು ಕೊಚ್ಚಿಕೊಳ್ಳುವುದಿಲ್ಲ. ಅವನು ಪ್ರತಿ ಭಾನುವಾರ ಸಂಜೆ ಗೊಣಗುತ್ತಲೇ ಕ್ಯಾಂಪಿಗೆ ಹೊರಡುತ್ತಿದ್ದ, ನಾನು ಅಡುಗೆಮನೆಯಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದೆ. ಆದರೆ ಮುಗಿಸಿ ಬಂದ ಮೇಲೆ ಈ ಊರು ಅವನದಾಯಿತು.

ರಘುನಾಥ್ ಅವರಿಗೆ ಅದು ಶುದ್ಧ ನಷ್ಟವಾಗಿ ಕಂಡಿತು. ವಾಯ್ಡ್ ಡೆಕ್ಕಿನ ಕಲ್ಲುಬೆಂಚಿನ ಮೇಲೆ ಕೂತು ನನ್ನ ಗಂಡನಿಗೆ ಉಪದೇಶ ಮಾಡುತ್ತಿದ್ದರು.

"ಎರಡು ವರ್ಷ ಕಾಡಲ್ಲಿ ಗನ್ ಹಿಡ್ಕೊಂಡು ಓಡಾಡ್ಸಿದ್ರೆ ಕೆರಿಯರ್ ಗತಿ ಏನು ಸ್ವಾಮಿ? ಅವನ ಕ್ಲಾಸ್‌ಮೇಟ್ಸ್ ಎಲ್ಲ ಮುಂದೆ ಹೋಗಿರ್ತಾರೆ. ನಾನು ಸುಘೋಷ್‌ನ ಬಲಿ ಕೊಡಲ್ಲಪ್ಪ."

ನಾನು ಬಟ್ಟೆ ಒಣಗಿಸಿ ಬಂದವಳು ಅಲ್ಲೇ ನಿಂತು ಕೇಳಿದೆ: "ಮತ್ತೆ ಅನಘಾಗೆ?"

"ಮಗನ್ನ ಬಿಟ್ಟು ಉಳಿದವ್ರಿಗೆ ಮಾತ್ರ ಹಾಕಿದ್ರೆ ರಿಜೆಕ್ಟ್ ಮಾಡ್ತಾರಂತೆ ನಿರುಪಮಾ ಅವ್ರೇ. ನೋಡೋಣ ಬಿಡಿ, ಇನ್ನೂ ಟೈಮ್ ಇದೆ."

ಮಾಡ್ತಾರಂತೆ! ಯಾರು ಹೇಳಿದ್ದು, ಯಾವಾಗ, ಏನೂ ಇಲ್ಲ. ನಮ್ಮವರ ಅರ್ಧ ಬದುಕು ಈ 'ಅಂತೆ'ಯ ಮೇಲೆ ನಡೆಯುತ್ತದೆ. ಯಾವ ಸಾಬೂನು ಕೊಳ್ಳಬೇಕು ಎಂಬುದಕ್ಕೆ ಹತ್ತು ಕಡೆ ವಿಚಾರಿಸುವ ಮನುಷ್ಯ ಮಗಳ ವಿಷಯಕ್ಕೆ ಯಾರೋ ಲಿಫ್ಟಿನಲ್ಲಿ ಹೇಳಿದ ಮಾತನ್ನು ನಂಬಿ ಕೂತರು. ಒಂದು ಸಲ ಹಾಕಿ ನೋಡಲಿಲ್ಲ. ಹಾಕಿ ತಿರಸ್ಕಾರವಾಗಿದ್ದರೆ ನಾನು ಇವತ್ತು ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ಸುಘೋಷ್ ಹನ್ನೆರಡನೇ ತರಗತಿ ಮುಗಿಸಿ ಪರ್ತ್‌ಗೆ ಓದಲು ಹೋದ. ಎನ್.ಎಸ್. ತಪ್ಪಿತು. ರಘುನಾಥ್ ಗೆದ್ದೆ ಎಂದುಕೊಂಡರು. ಆಮೇಲೂ ಅನಘಾಳಿಗೆ ಅರ್ಜಿ ಹಾಕಲು ಸಮಯವಿತ್ತು. ಅಣ್ಣ ಹೊರಟುಹೋದ ಮೇಲೆ ತೊಡಕೇನು ಉಳಿದಿತ್ತು? ಯಾರೂ ಆ ಮಾತೆತ್ತಲಿಲ್ಲ.

ಇಪ್ಪತ್ತೊಂದು ತುಂಬಿದ ದಿನ ಅಪ್ಪನ ಕೆಲಸದ ಬಲದ ಮೇಲೆ ಅವಳಿಗಿದ್ದ ಪಾಸು ಮುಗಿಯಿತು. ಡಿಪ್ಲೊಮಾ ಓದುವಷ್ಟು ಕಾಲ ವಿದ್ಯಾರ್ಥಿ ಪಾಸು ಕೈ ಹಿಡಿಯಿತು. ಓದು ಮುಗಿದದ್ದೇ ಅದೂ ಹೋಯಿತು. ಬುಕಿತ್ ಬಾಟೋಕ್‌ನ ಒಂದು ಶಿಶುವಿಹಾರದಲ್ಲಿ ಅವಳು ತರಬೇತಿಗೆ ಹೋಗಿದ್ದಳು. ಅಲ್ಲಿನ ಪ್ರಿನ್ಸಿಪಾಲರಿಗೆ ಇವಳನ್ನು ಬಿಡಲು ಮನಸ್ಸೇ ಇಲ್ಲ. ಆದರೆ ಹೊರದೇಶದವರನ್ನು ಇಷ್ಟೇ ಮಂದಿ ತೆಗೆದುಕೊಳ್ಳಬೇಕೆಂಬ ಮಿತಿ ಇದೆ, ಅಲ್ಲಿ ಅದು ಭರ್ತಿಯಾಗಿತ್ತು. ಬಿಶಾನ್‌ನ ಇನ್ನೊಂದು ಕಡೆ ಕೆಲಸ ಕೊಟ್ಟರು, ಪಾಸಿಗೆ ಅರ್ಜಿಯನ್ನೂ ಹಾಕಿದರು. ಒಪ್ಪಿಗೆ ಬರಲಿಲ್ಲ. ಈಗ ಅವಳು ಪ್ರವಾಸಿಗಳಿಗೆ ಕೊಡುವ ಪಾಸಿನ ಮೇಲೆ, ತಾನು ನಡೆಯಲು ಕಲಿತ ಮನೆಯಲ್ಲಿ ಅತಿಥಿಯಾಗಿ ಇದ್ದಳು.

ಇದನ್ನೆಲ್ಲ ಅವಳು ನನಗೆ ಹೇಳಿದ್ದು ಅಕ್ಟೋಬರಿನಲ್ಲಿ, ನಮ್ಮ ಮನೆ ಹತ್ತಿರದ ಹಾಕರ್ ಸೆಂಟರಿನ ಕಾಫಿ ಅಂಗಡಿಯಲ್ಲಿ. ಅವಳ ಮುಂದಿದ್ದ ಕಾಫಿ ಆರಿ ಹೋಗಿತ್ತು.

"ನವೆಂಬರ್ ಎಂಡ್‌ಗೆ ಹೋಗ್ಬೇಕು ಮಿಸ್. ಮೈಸೂರಲ್ಲಿ ಅತ್ತೆ ಮನೆ ಇದೆಯಲ್ಲ, ಅಲ್ಲಿಗೆ. ನಾನು ಅಲ್ಲಿ ಒಟ್ಟು ಸೇರ್ಸಿದ್ರೆ ಮೂರ್ನಾಲ್ಕು ತಿಂಗಳು ಇದ್ದಿರ್ಬಹುದು, ಅದೂ ಹಾಲಿಡೇಸಲ್ಲಿ."

"ಅಪ್ಪ ಏನಂತಾರೆ?"

ಮೂಗಿನ ತುದಿ ಕೆಂಪಾಯಿತು. "ಕಂಪ್ಯೂಟರ್ ತಗೊಂಡಿದ್ರೆ ದೊಡ್ಡ ಸಂಬಳದ ಕೆಲಸ ಸಿಗ್ತಿತ್ತು, ಪಾಸ್ ಸಿಗ್ತಿತ್ತು, ನೀನು ಮಕ್ಕಳ ಮೂಗು ಒರ್ಸೋ ಕೋರ್ಸ್ ತಗೊಂಡೆ ಅಂತಾರೆ. ಬಂದವ್ರ ಮುಂದೆಲ್ಲ ಅದನ್ನೇ ಹೇಳ್ತಾರೆ. ಮಿಸ್, ನಾನು ಅವರನ್ನ ಒಂದೇ ಪ್ರಶ್ನೆ ಕೇಳ್ದೆ. ನಂಗ್ಯಾಕೆ ಪಿ.ಆರ್. ಅಪ್ಲೈ ಮಾಡ್ಲಿಲ್ಲ? ಲ್ಯಾಪ್‌ಟಾಪ್ ಓಪನ್ ಮಾಡಿ ಕೂತ್ರು. ಮಾರನೇ ದಿನ ಕೇಳ್ದೆ, ವಾಕಿಂಗ್ ಹೋದ್ರು."

"ಈಗ ಅವರು ಏನು ಹೇಳಿದ್ರೂ ಪಾಸ್ ಸಿಗಲ್ವಲ್ಲೇ ಮಗಳೇ."

"ಗೊತ್ತು. ಹೋಗ್ಲೇಬೇಕು, ಅದೂ ಗೊತ್ತು. ಬಟ್ ನಾನು ಫೇಲಾಗಿ ಹೋಗ್ತಿದೀನಿ ಅಂತ ಆಗ್ಬಾರ್ದು. ಅಪ್ಪ ಒಂದ್ಸಲ ಬಾಯಿ ಬಿಟ್ಟು ಯಾಕೆ ಅಂತ ಹೇಳ್ಬೇಕು. ಅಷ್ಟು ಸಾಕು ನಂಗೆ."

ಅವಳು ಕೇಳಿದ್ದು ಇಷ್ಟೇ. ಇಷ್ಟನ್ನು ಕೊಡಲು ಆ ಮನುಷ್ಯನಿಗೆ ಬಾಯಿ ಬರಲಿಲ್ಲ. ಮನೆಗೆ ಬಂದು ನಾನು ಪಾತ್ರೆ ತೊಳೆದ ಸದ್ದಿಗೆ ನನ್ನ ಗಂಡ ಟೀವಿ ಆರಿಸಿ ಒಳಗೆ ಹೋದರು.

ರಾಜ್ಯೋತ್ಸವಕ್ಕೆ ಕೆಲವು ದಿನ ಇರುವಾಗ ರಘುನಾಥ್ ಫೋನ್ ಮಾಡಿದರು. ದನಿಯಲ್ಲಿ ಜೇನು ಸುರಿಯುತ್ತಿತ್ತು.

"ನಿರುಪಮಾ ಅವ್ರೇ, ಅನಘಾ ಟರ್ನ್ ಬಂದಾಗ ನೀವು ಕೆಲಸದ ವಿಷಯ ಕೇಳ್ಬೇಡಿ, ಪ್ಲೀಸ್. ಟ್ರಾವೆಲ್ ಬಗ್ಗೆ ಕೇಳಿ. ಗ್ಯಾಪ್ ಇಯರ್ ತಗೊಂಡು ಇಂಡಿಯಾ ಸುತ್ತಕ್ಕೆ ಹೋಗ್ತಿದಾಳೆ, ನಮ್ಮ ಕಲ್ಚರ್ ಎಲ್ಲ ತಿಳ್ಕೊಳ್ತಾಳೆ ಅಂತ. ನಾನೇ ಬರ್ದು ಕೊಟ್ಟಿದೀನಿ."

"ಅವಳು ಒಪ್ಪಿದ್ದಾಳಾ?"

"ಒಪ್ಪದೆ ಏನು? ಎಲ್ರೂ ಹೇಳ್ವಾಗ ಅವಳೊಬ್ಳು ಸುಮ್ನೆ ನಿಂತ್ರೆ ಚೆನ್ನಾಗಿರುತ್ತಾ? ಅವಳ ಒಳ್ಳೇದಕ್ಕೇ ಹೇಳ್ತಿರೋದು."

ನನ್ನ ನಾಲಿಗೆ ತುದಿಗೆ ಬಂದದ್ದನ್ನು ಇಲ್ಲಿ ಬರೆಯಲಾರೆ. "ನಾನು ಹೆಸರು ಮಾತ್ರ ಕರೀತೀನಿ ರಘುನಾಥ್ ಅವ್ರೇ. ಏನು ಹೇಳ್ಬೇಕೋ ಅವಳಿಗೆ ಬಿಟ್ಟಿದ್ದು" ಎಂದು ಫೋನ್ ಇಟ್ಟೆ.

ಕಾರ್ಯಕ್ರಮದ ದಿನ ಸಭಾಂಗಣ ತುಂಬಿತ್ತು. ಪುಟ್ಟ ಮಕ್ಕಳ ನೃತ್ಯ, ನಾಟಕ ಎಲ್ಲ ಮುಗಿದು ಹಳೆಯ ವಿದ್ಯಾರ್ಥಿಗಳ ಸುತ್ತು ಶುರುವಾಯಿತು. ಆಶ್ರಿತಾ ಲಂಡನ್ನಿನಿಂದ ಪರದೆಯ ಮೇಲೆ ಬಂದಳು. ಬ್ಯಾಂಕಿನಲ್ಲಿ ಬಡ್ತಿ, ಐಸ್‌ಲ್ಯಾಂಡ್ ಪ್ರವಾಸ. ಅವಳ ಹಿಂದೆ ಕಿಟಕಿ, ಕಿಟಕಿಯ ಆಚೆ ಮಳೆ. ಇಶಾ ಇಲ್ಲೇ ಸಂಶೋಧನೆ ಮಾಡುತ್ತಿದ್ದಾಳೆ, ಜಪಾನಿಗೆ ಹೋಗಿ ಬಂದಳಂತೆ. ನನ್ನ ಅಜಯ್ ಎದ್ದು, "ಅದೇ ಕೆಲಸ, ಅದೇ ಬಾಸ್, ಪಕ್ಕದ ಬಾತಾಮ್ ದ್ವೀಪ ಬಿಟ್ಟು ಎಲ್ಲಿಗೂ ಹೋಗಿಲ್ಲ" ಎಂದು ಹೇಳಿ ಕೂತ. ನಾನು ಹೆತ್ತವನಲ್ಲವೇ, ಹಾಗೇ ಇರುತ್ತಾನೆ.

ಆಮೇಲೆ ಪರ್ತ್‌ನಿಂದ ಸುಘೋಷ್ ಬಂದ. ಸಿವಿಲ್ ಎಂಜಿನಿಯರ್ ಆಗಿದ್ದಾನೆ, ದಪ್ಪಗಾಗಿದ್ದಾನೆ, ನಗು ಮಾತ್ರ ಹಳೆಯದೇ. ಕೆಲಸದ ಬಗ್ಗೆ ಹೇಳಿದ, ನ್ಯೂಜಿಲೆಂಡಿನ ಬೆಟ್ಟ ಹತ್ತಿದ್ದು ಹೇಳಿದ. ಕೊನೆಗೆ, "ಇನ್ನೊಂದ್ ಗುಡ್ ನ್ಯೂಸ್. ಹೋದ ವಾರ ನಂಗೆ ಆಸ್ಟ್ರೇಲಿಯಾ ಪಿ.ಆರ್. ಬಂತು" ಎಂದ.

ಏನು ಚಪ್ಪಾಳೆ! ಹಿಂದಿನ ಸಾಲಿನಲ್ಲಿ ಒಬ್ಬರು ಸೀಟಿ ಹೊಡೆದರು. ರಘುನಾಥ್ ಎದ್ದು ನಿಂತು ಸುತ್ತ ಮುತ್ತಲಿನವರಿಗೆ ಕೈ ಮುಗಿದರು, ಅವರೇ ಪರೀಕ್ಷೆ ಬರೆದು ಪಾಸಾದವರ ಹಾಗೆ. ಸಂಪತ್ ಹೋಗಿ ಅವರ ಬೆನ್ನು ತಟ್ಟಿದರು. ಅವರ ಪಕ್ಕದಲ್ಲೇ ಅನಘಾ ಕೂತಿದ್ದಳು. ಅವಳೂ ಚಪ್ಪಾಳೆ ತಟ್ಟುತ್ತಿದ್ದಳು. ಅರುಂಧತಿಯ ಕೈಗಳು ಮಾತ್ರ ಮಡಿಲಿನಲ್ಲೇ ಇದ್ದವು.

ನಾನು ಅವಳ ಹೆಸರು ಕರೆದೆ. ಬೇರೇನೂ ಕೇಳಲಿಲ್ಲ.

ಅನಘಾ ಬಂದು ಮೈಕಿನ ಮುಂದೆ ನಿಂತಳು. ಕೈಯಲ್ಲಿ ಅಪ್ಪ ಬರೆದುಕೊಟ್ಟ ಚೀಟಿ. "ಎಲ್ಲರಿಗೂ ನಮಸ್ಕಾರ. ನಾನು ಈ ವರ್ಷ ಒಂದು ಗ್ಯಾಪ್ ಇಯರ್..." ಎಂದು ಓದಲು ಶುರುಮಾಡಿದವಳು ನಿಲ್ಲಿಸಿದಳು. ಪರದೆಯ ಕಡೆ ತಿರುಗಿದಳು.

"ಕಂಗ್ರಾಟ್ಸ್ ಅಣ್ಣ. ನಿಜವಾಗ್ಲೂ ಖುಷಿ ಆಯ್ತು. ನಂದೂ ಪಿ.ಆರ್. ವಿಷಯಾನೇ. ನಂಗೆ ಪಿ.ಆರ್. ಇಲ್ಲ. ಯಾವ ಪಾಸೂ ಇಲ್ಲ. ಮಾತು ಬರೋಕ್ ಮುಂಚೆ ಈ ಊರಿಗೆ ಬಂದೆ, ಈಗ ಇಲ್ಲಿ ಟೂರಿಸ್ಟ್ ಆಗಿದೀನಿ. ಈ ತಿಂಗಳ ಕೊನೇಲಿ ಊರು ಬಿಡ್ಬೇಕು. ಇದೇ ನನ್ನ ಟ್ರಾವೆಲ್ ಅಪ್‌ಡೇಟ್."

ಯಾರೋ ನಕ್ಕರು, ತಮಾಷೆ ಎಂದುಕೊಂಡು. ಆಮೇಲೆ ನಗು ನಿಂತಿತು.

ರಘುನಾಥ್ ಅರ್ಧ ಎದ್ದಿದ್ದರು. "ಅನಘಾ, ಸಾಕು. ಟೈಮ್ ಆಯ್ತು."

"ಇನ್ನೂ ಎರಡು ನಿಮಿಷ ಆಗಿಲ್ಲ. ಕೂತ್ಕೊಳ್ಳಿ ರಘುನಾಥ್ ಅವ್ರೇ" ಎಂದೆ. ನನ್ನ ಕೈಯಲ್ಲೂ ಒಂದು ಮೈಕಿತ್ತು. ಅದು ಹಾಲಿನ ಮೂಲೆ ಮೂಲೆಗೂ ಕೇಳಿಸಿತು. ಕೇಳಿಸಲಿ ಎಂದೇ ಹೇಳಿದ್ದು.

"ನಂಗೆ ಕೆಲಸ ಸಿಗ್ಲಿಲ್ಲ ಅಂತ ನೀವೆಲ್ಲ ಅಂದ್ಕೊಂಡಿದೀರ. ಸಿಕ್ತು, ಎರಡು ಕಡೆ. ಪಾಸ್ ಸಿಗ್ಲಿಲ್ಲ. ನಾನು ಚಿಕ್ಕೋಳಿದ್ದಾಗ ಮನೆಯವ್ರೆಲ್ಲ ಪಿ.ಆರ್. ಅಪ್ಲೈ ಮಾಡ್ಬಹುದಿತ್ತು. ಅಣ್ಣ ಎನ್.ಎಸ್.ಗೆ ಹೋಗ್ಬೇಕಾಗುತ್ತೆ ಅಂತ ಮಾಡ್ಲಿಲ್ಲ. ಓಕೆ. ಅಣ್ಣ ಹೋದ್ಮೇಲಾದ್ರೂ ಮಾಡ್ಬಹುದಿತ್ತಲ್ಲ? ಯಾಕ್ ಮಾಡ್ಲಿಲ್ಲ ಅಪ್ಪಾ? ಮನೇಲಿ ಕೇಳಿದ್ರೆ ನೀವು ಹೇಳಲ್ಲ. ಅದಕ್ಕೇ ಇಲ್ಲಿ ಕೇಳ್ತಿದೀನಿ."

ರಘುನಾಥ್ ತಮ್ಮ ಬೂಟು ನೋಡುತ್ತಿದ್ದರು. ಆಗ ಪರದೆಯಿಂದ ಸುಘೋಷನ ದನಿ ಬಂತು. ಅವನ ಕರೆಯನ್ನು ಯಾರೂ ಮುಗಿಸಿರಲಿಲ್ಲ.

"ಅಪ್ಪಾ, ಒಂದ್ ನಿಮಿಷ. ಎನ್.ಎಸ್.ಗೆ ಹೋಗಲ್ಲ ಅಂತ ನಾನ್ ಯಾವತ್ತೂ ಹೇಳ್ಲಿಲ್ವಲ್ಲ? ನೀವು ನನ್ನನ್ನ ಕೇಳ್ಲೇ ಇಲ್ಲ. ಅಜಯ್ ಜೊತೆ ಹೋಗಕ್ಕೆ ನಾನ್ ರೆಡಿ ಇದ್ದೆ. ನಂಗೋಸ್ಕರ ಅಂತ ಹೇಳ್ಕೊಂಡು ಇವಳಿಗೆ..."

ಪರದೆ ಕಪ್ಪಾಯಿತು. "ಸಾರಿ, ನೆಟ್‌ವರ್ಕ್ ಪ್ರಾಬ್ಲಮ್" ಎಂದರು ಸಂಪತ್, ಲ್ಯಾಪ್‌ಟಾಪ್ ಮುಚ್ಚುತ್ತ. ನೆಟ್‌ವರ್ಕ್ ಗುಂಡುಕಲ್ಲಿನ ಹಾಗಿತ್ತು. ಅವರು ತಂತಿ ಕಿತ್ತದ್ದನ್ನು ನಾನು ಕಣ್ಣಾರೆ ಕಂಡೆ. "ಎಲ್ರೂ ಊಟಕ್ಕೆ ಬನ್ನಿ, ಬಿಸಿ ಆರಿ ಹೋಗುತ್ತೆ" ಎಂದು ಕೂಗಿದರು. ಜನರೂ ಕಾಯುತ್ತಿದ್ದವರಂತೆ ಎದ್ದರು. ಒಂದು ಹುಡುಗಿ ಎದುರು ನಿಂತು ತನ್ನ ಬದುಕಿನ ಪ್ರಶ್ನೆ ಕೇಳುತ್ತಿದ್ದಾಳೆ, ಇವರಿಗೆ ಹಪ್ಪಳ ಮೆತ್ತಗಾಗುವ ಚಿಂತೆ.

ಊಟದ ಸಾಲಿನಲ್ಲಿ ಗಂಡಸರು ಪಾಸು, ಕೋಟಾ, ಸಂಬಳದ ಮಿತಿ ಎಂದು ಪಾಂಡಿತ್ಯ ತೋರಿಸುತ್ತಿದ್ದರು. ಸರಳಾ ಎನ್ನುವವರು, ಪ್ರತಿ ವರ್ಷ ಕೇಸರಿಬಾತ್ ಮಾಡಿ ತರುವವರು, ಅನಘಾಳ ಗಲ್ಲ ಹಿಡಿದು, "ಅಯ್ಯೋ, ಇಷ್ಟಕ್ಕೆಲ್ಲ ಯಾಕಮ್ಮಾ ಬೇಜಾರು? ಪಿ.ಆರ್. ಇರೋ ಒಳ್ಳೆ ಹುಡುಗನ್ನ ನೋಡಿ ಮದುವೆ ಮಾಡ್ಕೊಂಡ್ರೆ ಆಯ್ತಪ್ಪ" ಎಂದರು.

"ಥ್ಯಾಂಕ್ಸ್ ಆಂಟಿ" ಎಂದಳು ಅನಘಾ, ತಟ್ಟೆ ಕೆಳಗಿಟ್ಟು.

ನನ್ನಿಂದ ತಡೆಯಲಾಗಲಿಲ್ಲ. "ಸರಳಾ, ಮದುವೆ ಆಗೋದು ಹುಡುಗನ್ನ, ಪಾಸನ್ನಲ್ಲ" ಎಂದೆ. ಸರಳಾ ಆ ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಿಡಲಿ.

ಎಲ್ಲ ಮುಗಿದು ನಾನೂ ಅನಘಾಳೂ ಶಾಲೆಯ ಸಾಮಾನಿನ ಪೆಟ್ಟಿಗೆಗಳನ್ನು ಹಿಡಿದು ಕಾರ್ ಪಾರ್ಕಿಗೆ ಹೋದೆವು. ರಘುನಾಥ್ ತಮ್ಮ ಕಾರಿನ ಪಕ್ಕ ನಿಂತಿದ್ದರು. ಅರುಂಧತಿ ಒಳಗೆ ಕೂತಿದ್ದರು, ಗಾಜು ಇಳಿದಿತ್ತು. ನಾನಿದ್ದೇನೆಂದು ರಘುನಾಥ್ ದನಿ ತಗ್ಗಿಸಲಿಲ್ಲ.

"ಸಮಾಧಾನ ಆಯ್ತಾ? ನಾಲ್ಕು ಜನದ ಮುಂದೆ ಅಪ್ಪನ ಮಾನ ಕಳೆದ್ಯಲ್ಲ?"

"ಇಲ್ಲಪ್ಪ, ಸಮಾಧಾನ ಆಗಿಲ್ಲ. ನೀವಿನ್ನೂ ಆನ್ಸರ್ ಮಾಡಿಲ್ಲ."

"ಏನ್ ಆನ್ಸರ್ ಮಾಡ್ಬೇಕು ನಾನು? ಹಾಂ?" ಅವರು ಕಾರಿನ ಮೇಲೆ ಅಂಗೈ ಬಡಿದರು. "ಹುಡುಗಿ ಅಲ್ವಾ ಅಂತ! ಹೇಗೂ ಮದುವೆ ಆಗಿ ಎಲ್ಲೋ ಹೋಗ್ತೀಯ, ಗಂಡ ಎಲ್ಲಿರ್ತಾನೋ ಅಲ್ಲಿರ್ತೀಯ, ನಿಂಗ್ಯಾಕೆ ಅಂತ. ಅಷ್ಟೇ. ಬೇರೆ ಏನೂ ಇಲ್ಲ. ಯೋಚನೇನೇ ಮಾಡ್ಲಿಲ್ಲ. ಸಾಕಾ?"

ಸಿಟ್ಟಿನಲ್ಲಿ ಬಂದ ಮಾತು, ಆದರೆ ನಿಜ. ಹೇಳಿದ ಮೇಲೆ ಅವರಿಗೇ ಅದು ಕೇಳಿಸಿತೆಂದು ಕಾಣುತ್ತದೆ, ಬಾಯಿ ಹಾಗೇ ತೆರೆದುಕೊಂಡಿತ್ತು. ಯಾವುದೋ ಕಾನೂನು, ಯಾವುದೋ ಹೆದರಿಕೆ, ಏನಾದರೂ ಒಂದು ಲೆಕ್ಕಾಚಾರ ಇದ್ದಿರಬಹುದು ಎಂದು ನಾನು ಅಷ್ಟು ದಿನ ಅಂದುಕೊಂಡಿದ್ದೆ. ಏನೂ ಇರಲಿಲ್ಲ. ಮಗನ ವಿಷಯದಲ್ಲಿ ವರ್ಷಗಟ್ಟಲೆ ತಲೆ ಕೆಡಿಸಿಕೊಂಡ ಮನುಷ್ಯ ಮಗಳ ವಿಷಯದಲ್ಲಿ ಒಂದು ಸಂಜೆಯೂ ಯೋಚಿಸಿರಲಿಲ್ಲ. ಕೈಯಲ್ಲಿದ್ದ ಪೆಟ್ಟಿಗೆಯನ್ನು ಅವರ ಕಾಲಿನ ಮೇಲೆ ಹಾಕಬೇಕೆನ್ನಿಸಿತು.

ಅನಘಾ ಅಳಲಿಲ್ಲ. ಮೂಗಿನ ತುದಿಯೂ ಕೆಂಪಾಗಲಿಲ್ಲ.

"ಸರಿ ಅಪ್ಪ, ಈಗ ಗೊತ್ತಾಯ್ತು" ಎಂದಳು. "ಒಂದೇ ಒಂದು. ಇನ್ಮೇಲೆ ಯಾರಾದ್ರೂ ಅನಘಾ ಯಾಕ್ ಹೋದ್ಳು ಅಂತ ಕೇಳಿದ್ರೆ ಕಂಪ್ಯೂಟರ್ ತಗೊಳ್ಳಿಲ್ಲ ಅಂತ ಹೇಳ್ಬೇಡಿ. ಈಗ ಹೇಳಿದ್ರಲ್ಲ, ಇದನ್ನೇ ಹೇಳಿ."

ಒಳಗಿನಿಂದ ಅರುಂಧತಿ ಕೈ ಚಾಚಿ ಹಿಂದಿನ ಬಾಗಿಲು ತೆರೆದರು. ಅನಘಾ ಹತ್ತಿ ಕೂತಳು. ಪೆಟ್ಟಿಗೆಗಳನ್ನು ಅಜಯನಿಗೆ ಒಪ್ಪಿಸಿ ನಾನು ನಡೆದುಕೊಂಡೇ ಮನೆಗೆ ಬಂದೆ.

ತಿಂಗಳ ಕೊನೆಗೆ ಅವಳು ಹೋದಳು. ಚಾಂಗಿ ವಿಮಾನ ನಿಲ್ದಾಣಕ್ಕೆ ನಾನೂ ಅಜಯನೂ ಹೋಗಿದ್ದೆವು. ಬುಕಿತ್ ಬಾಟೋಕ್‌ನ ಪ್ರಿನ್ಸಿಪಾಲರು ರಜೆ ಹಾಕಿ ಬಂದಿದ್ದರು, ಮಕ್ಕಳು ಬಣ್ಣದ ಕೈ ಒತ್ತಿದ ಒಂದು ದೊಡ್ಡ ಬಟ್ಟೆ ತಂದಿದ್ದರು. ಅದನ್ನು ಮಡಚಲು ಬಾರದೆ ಮೂರು ಜನ ಒದ್ದಾಡಿದೆವು. ಅನಘಾ ಗಟ್ಟಿಯಾಗಿ ನಕ್ಕಳು, ಸುತ್ತಲಿನವರು ತಿರುಗಿ ನೋಡುವಷ್ಟು. ಒಳಗೆ ಹೋಗುವಾಗ ನೀರಿನ ಬಾಟಲಿ ಅಲ್ಲೇ ಮರೆತಳು. ರಘುನಾಥ್ ಅದನ್ನು ಹಿಡಿದುಕೊಂಡು ಗಾಜಿನ ಆಚೆ ನೋಡುತ್ತ ನಿಂತಿದ್ದರು. ನನಗೆ ಕನಿಕರ ಬರಲಿಲ್ಲ.

ಜನವರಿಯಲ್ಲಿ ಬಿಶಾನ್‌ನಲ್ಲಿ ಸಂಪತ್ ಅವರ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ಸಂಕ್ರಾಂತಿ. ಈಜುಕೊಳದ ಪಕ್ಕದ ಕೋಣೆಯಲ್ಲಿ ಎಳ್ಳು ಬೆಲ್ಲ ಹಂಚುತ್ತಿದ್ದೆವು. ಮಕ್ಕಳು ಕಬ್ಬಿನ ತುಂಡು ಹಿಡಿದು ಓಡಾಡುತ್ತಿದ್ದವು. ರಘುನಾಥ್, ಅರುಂಧತಿ ಬಂದಿದ್ದರು. ಎಲ್ಲರೂ ಏನೂ ನಡೆದೇ ಇಲ್ಲ ಎನ್ನುವಂತೆ ಮಾತಾಡುತ್ತಿದ್ದರು, ಅದರಲ್ಲಿ ನಮ್ಮವರು ಎತ್ತಿದ ಕೈ. ಊರಿಗೆ ಹೊಸದಾಗಿ ಬಂದ ಅನಂತರಾಮ್ ಎನ್ನುವವರು, ಪಾಪ, ಏನೂ ಗೊತ್ತಿಲ್ಲದವರು, ರಘುನಾಥರ ಪರಿಚಯ ಮಾಡಿಕೊಳ್ಳುತ್ತಿದ್ದರು.

"ಮಕ್ಕಳೆಲ್ಲಿದಾರೆ ಸರ್?"

"ಮಗ ಪರ್ತ್‌ನಲ್ಲಿದಾನೆ. ಮಗಳು ಮೈಸೂರಲ್ಲಿದಾಳೆ."

"ಓ, ಇಲ್ಲೇ ಬೆಳೆದ್ಳು ಅಂತ ಸಂಪತ್ ಹೇಳಿದ್ರಲ್ಲ? ಯಾಕೆ ಸರ್ ಮೈಸೂರಿಗೆ?"

ರಘುನಾಥ್ ಕೈಯಲ್ಲಿದ್ದ ಎಳ್ಳು ಬಾಯಿಗೆ ಹಾಕಿಕೊಂಡರು. "ಅದು... ಅವಳು ತಗೊಂಡಿದ್ದ ಕೋರ್ಸು..." ಎಂದು ಶುರುಮಾಡಿದರು.

"ಹೇಳ್ರೀ" ಎಂದರು ಅರುಂಧತಿ. ಎಳ್ಳು ಬೆಲ್ಲದ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಇಷ್ಟು ವರ್ಷದಲ್ಲಿ ಅವರು ಗಂಡನ ಮಾತಿಗೆ ಅಡ್ಡ ಬಂದದ್ದನ್ನು ನಾನು ನೋಡಿರಲಿಲ್ಲ. ದನಿ ಏರಿಸಲಿಲ್ಲ. "ಅವಳು ಏನ್ ಹೇಳಿ ಅಂದಿದ್ಳೋ ಅದನ್ನ ಹೇಳಿ."

ರಘುನಾಥ್ ಹೆಂಡತಿಯ ಮುಖ ನೋಡಿದರು. ಆಮೇಲೆ ಹೇಳಿದರು, ಒಂದೊಂದೇ ಮಾತು ಕಿತ್ತು ತೆಗೆದ ಹಾಗೆ. "ನಾನು ಅವಳಿಗೆ ಪಿ.ಆರ್. ಹಾಕ್ಲಿಲ್ಲ. ಮಗ ಎನ್.ಎಸ್.ಗೆ ಹೋಗ್ಬಾರ್ದು ಅಂತ. ಅವನು ಹೋದ್ಮೇಲೂ ಹಾಕ್ಲಿಲ್ಲ. ಹುಡುಗಿ, ಹೇಗೂ ಮದುವೆ ಆಗಿ ಹೋಗ್ತಾಳೆ ಅಂತ ಬಿಟ್ಟೆ. ಅದಕ್ಕೇ ಅವಳು ಇಲ್ಲಿ ಇಲ್ಲ."

ಸಂಪತ್‌ಗೆ ಸುಮ್ಮನಿರುವುದು ಎಂದರೆ ಆಗದು. ರಘುನಾಥರ ಹೆಗಲ ಮೇಲೆ ಕೈಯಿಟ್ಟು, ತುಂಬ ಮೃದುವಾಗಿ, "ಅದೂ ಸರೀನೇ ಬಿಡಿ ರಘು. ಹುಡುಗೀರ ವಿಷಯ ಎಲ್ರೂ ಹಾಗೇ ಯೋಚ್ನೆ ಮಾಡೋದು. ಅದ್ರಲ್ಲಿ ತಪ್ಪೇನಿದೆ?" ಎಂದರು. ಅನಂತರಾಮ್ ತಲೆಯಾಡಿಸಿದರು. ಇನ್ನೂ ಇಬ್ಬರು ಆಡಿಸಿದರು.

ನಾನು ಬಾಯಿ ತೆರೆದೆ. ಆದರೆ ನನಗಿಂತ ಮೊದಲು ರಘುನಾಥ್ ಆ ಕೈಯನ್ನು ಹೆಗಲಿಂದ ಕಿತ್ತು ಎಸೆದರು.

"ಸರಿ ಅಲ್ಲ!" ಎಂದು ಕಿರುಚಿದರು. "ಸರಿ ಅಲ್ಲ ಕಣ್ರೀ! ತಪ್ಪು! ನಾನ್ ಮಾಡಿದ್ದು ತಪ್ಪು!"

ಓಡುತ್ತಿದ್ದ ಮಕ್ಕಳು ನಿಂತರು. ಈಜುಕೊಳದಲ್ಲಿದ್ದವರೂ ಇತ್ತ ತಿರುಗಿದರು. ರಘುನಾಥರ ಮುಖ ಕೆಂಪಾಗಿತ್ತು. ಅರುಂಧತಿ ತಟ್ಟೆಯನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕೂತುಬಿಟ್ಟರು.

ಆ ಮಾತು ಕೇಳಬೇಕಾಗಿದ್ದವಳು ಆ ಹೊತ್ತಿಗೆ ಮೈಸೂರಿನಲ್ಲಿದ್ದಳು.